ಪ್ರೋಬ್ ಹಿಡಿಯೋಕೆ ಮೂರು ವರ್ಷ ಕಾಯಬೇಕಾ? ಅನಸ್ತೇಶಿಯಾ ರೆಸಿಡೆಂಟ್‌ಗಳ ಅಲ್ಟ್ರಾಸೌಂಡ್ ಕಲಿಕೆ

ಮಂಪರು_ಮೂರನೇವರ್ಷ:

ನಮಸ್ಕಾರ. ಎಂಡಿ ಅನಸ್ತೇಶಿಯಾ (ಅರಿವಳಿಕೆ) ಮೂರನೇ ವರ್ಷದಲ್ಲಿದ್ದೇನೆ, ಪರೀಕ್ಷೆಗೆ ಇನ್ನು ಕೆಲವೇ ತಿಂಗಳು. ನಿನ್ನೆ ರಾತ್ರಿ ಡ್ಯೂಟಿ ರೂಮಿನಲ್ಲಿ ಕೂತು ಲಾಗ್‌ಬುಕ್ ತುಂಬಿಸುತ್ತಿದ್ದೆ. ಸುಮ್ನೆ ಒಂದು ಲೆಕ್ಕ ಹಾಕೋಣ ಅನಿಸಿತು. ಹಾಕಬಾರದಿತ್ತು.

ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟ, ಅಂದರೆ ಔಷಧಿ ಬಿಟ್ಟು ಒಂದು ಭಾಗ ಮಾತ್ರ ಮರಗಟ್ಟಿಸುವ, ನರದ ಬ್ಲಾಕ್‌ಗಳು ಒಟ್ಟು 112. ಅದರಲ್ಲಿ "ನೋಡಿದ್ದು" 61. "ಸಹಾಯ ಮಾಡಿದ್ದು" 37. ಪ್ರೋಬ್ (ಮೈಮೇಲೆ ಇಡುವ ಸ್ಕ್ಯಾನ್ ಹಿಡಿಕೆ) ಎಡಗೈಯಲ್ಲಿ, ಸೂಜಿ ಬಲಗೈಯಲ್ಲಿ, ಎರಡೂ ಕೈ ನನ್ನವೇ ಆಗಿದ್ದದ್ದು 14. ಸಹಾಯ ಅಂದರೆ ಏನು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಸಿರಿಂಜ್ ಹಿಡಿದು ನಿಲ್ಲುವುದು. "ಆಸ್ಪಿರೇಟ್" ಅಂದಾಗ ಎಳೆಯುವುದು, "ಇಂಜೆಕ್ಟ್" ಅಂದಾಗ 5 ಮಿಲಿ ಒತ್ತುವುದು. ಕತ್ತು ಉದ್ದ ಮಾಡಿದರೆ ಸ್ಕ್ರೀನ್ ಅರ್ಧ ಕಾಣುತ್ತದೆ.

ಯಂತ್ರ ಇಲ್ಲ ಅಂತಲ್ಲ. ಇದೆ, ಒಳ್ಳೆಯದೇ ಇದೆ. ಬೀಗ ಹಾಕಿದ ಕೋಣೆಯಲ್ಲಿದೆ. ಸಂಜೆ 4ಕ್ಕೆ ಬೀಗದ ಕೈ ಇಟ್ಟುಕೊಂಡವರು ಮನೆಗೆ ಹೋಗುತ್ತಾರೆ. ಕೈ ಮುರಿದುಕೊಂಡವರು ಆಸ್ಪತ್ರೆಗೆ ಬರುವುದು ರಾತ್ರಿ 9ಕ್ಕೆ.

ಎರಡನೇ ವರ್ಷದಲ್ಲಿ ನಡೆದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಇಷ್ಟು ದಿನ ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. ಮುಂಗೈಯ ಎರಡೂ ಮೂಳೆ ಮುರಿದ ರೋಗಿ, ಕೂಲಿ ಕೆಲಸದವರು, ತೆಳ್ಳಗೆ ಇದ್ದರು. ಸುಪ್ರಾಕ್ಲೇವಿಕ್ಯುಲರ್ ಬ್ಲಾಕ್, ಕೊರಳೆಲುಬಿನ ಮೇಲೆ ಚುಚ್ಚುವುದು. ಅಂದು ಸರ್ ಒಳ್ಳೆ ಮೂಡಿನಲ್ಲಿದ್ದರು, "ನೀನೇ ಕೊಡು" ಅಂದರು. ಸ್ಕ್ರೀನಿನಲ್ಲಿ ಎಲ್ಲ ಪಠ್ಯಪುಸ್ತಕದ ಹಾಗೇ ಇತ್ತು. ಸಬ್‌ಕ್ಲೇವಿಯನ್ ಅಪಧಮನಿ ಕಪ್ಪಗೆ, ದುಂಡಗೆ, ಬಡಿಯುತ್ತಾ. ಪಕ್ಕದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ನರಗಳು. ಕೆಳಗೆ ಮೊದಲ ಪಕ್ಕೆಲುಬಿನ ಬಿಳಿ ಗೆರೆ, ಅದರ ಹಿಂದೆ ಕಪ್ಪು ನೆರಳು. ಅದರ ಪಕ್ಕದಲ್ಲೇ ಮಿನುಗುತ್ತಾ ಜಾರುವ ಪ್ಲೂರಾ, ಶ್ವಾಸಕೋಶದ ಹೊದಿಕೆ. ಸೂಜಿ ಒಳಗೆ ಹೋಯಿತು, ಬಿಳಿ ಗೆರೆ ಕಂಡಿತು, ಗೆರೆಯ ತುದಿಯನ್ನೇ ಸೂಜಿಯ ತುದಿ ಅಂದುಕೊಂಡೆ. ಅಲ್ಲ. ನನ್ನ ಪ್ರೋಬ್ ಸ್ವಲ್ಪ ತಿರುಗಿತ್ತು. ನಾನು ನೋಡುತ್ತಿದ್ದದ್ದು ಸೂಜಿಯ ಹೊಟ್ಟೆ. ತುದಿ ಆಗಲೇ ಮುಂದೆ ಹೋಗಿತ್ತು.

ರೋಗಿ ಕೆಮ್ಮಿದರು. ಒಂದೇ ಸಲ, ಒಣ ಕೆಮ್ಮು. ಸರ್ ನನ್ನ ಮಣಿಕಟ್ಟು ಹಿಡಿದರು, ಏನೂ ಮಾತಾಡಲಿಲ್ಲ. ಆಮೇಲೆ ಅದೇ ಪ್ರೋಬಿನಲ್ಲಿ ಎದೆ ನೋಡಿದೆವು. ಮೇಲ್ಭಾಗದಲ್ಲಿ ಪ್ಲೂರಾ ಜಾರುತ್ತಿರಲಿಲ್ಲ, ಚಲನೆ ತೋರಿಸುವ ಎಂ ಮೋಡಿನಲ್ಲಿ ಬಾರ್‌ಕೋಡ್. ಸಣ್ಣ ನ್ಯೂಮೋಥೊರಾಕ್ಸ್, ಶ್ವಾಸಕೋಶದ ಸುತ್ತ ಗಾಳಿ ಸೇರಿತ್ತು. ಎದೆಗೆ ಟ್ಯೂಬ್ ಹಾಕಬೇಕಾಗಲಿಲ್ಲ, ಆಕ್ಸಿಜನ್ ಕೊಟ್ಟು ನೋಡಿಕೊಂಡೆವು, ನಾಲ್ಕನೇ ದಿನ ಮನೆಗೆ ಹೋದರು. ಹೋಗುವಾಗ ನನಗೇ ಕೈ ಮುಗಿದರು. ಅದು ಇವತ್ತಿಗೂ ಚುಚ್ಚುತ್ತದೆ.

ಅದಾದ ಮೇಲೆ ಐದು ತಿಂಗಳು ನನ್ನ ಕೈಗೆ ಪ್ರೋಬ್ ಬರಲಿಲ್ಲ. ತಪ್ಪು ಮಾಡಿದವನಿಗೆ ಜಾಸ್ತಿ ಅಭ್ಯಾಸ ಬೇಕಲ್ವಾ? ಸಿಕ್ಕಿದ್ದು ಜಾಸ್ತಿ "ನೋಡಿದ್ದು". ನಿಮ್ಮ ಕಾಲೇಜುಗಳಲ್ಲಿ ಹೇಗೆ? ಇನ್ನು ಆರು ತಿಂಗಳಲ್ಲಿ ನಾನು ಒಬ್ಬನೇ ಯಾವುದೋ ನರ್ಸಿಂಗ್ ಹೋಮಿನಲ್ಲಿ ನಿಂತಿರುತ್ತೇನೆ.

ಹಳೇಸೂಜಿ:

ತಮ್ಮಾ, ಮೊದಲು ಒಂದು ಮಾತು. ರೋಗಿ ಮನೆಗೆ ಹೋದರಲ್ಲ, ಅದನ್ನು ನೆನಪಿಟ್ಟುಕೋ. ನಮ್ಮಲ್ಲಿ ಅನೇಕರ ಕಥೆಯಲ್ಲಿ ಟ್ಯೂಬೂ ಇದೆ.

ಆದರೆ ನಿನ್ನ ಸಿಟ್ಟು ಯಂತ್ರದ ಮೇಲೆ ಹೋಗುತ್ತಿದೆ ಅನಿಸುತ್ತದೆ. ನಾವು ಕಲಿಯುವಾಗ ಅಲ್ಟ್ರಾಸೌಂಡ್ ರೇಡಿಯಾಲಜಿಯವರ ಆಸ್ತಿ. ಬೆರಳಲ್ಲಿ ಸಬ್‌ಕ್ಲೇವಿಯನ್ ಮಿಡಿತ ಹಿಡಿಯುವುದು, ಅದರ ಹೊರಗೆ ಸೂಜಿ ಇಳಿಸುವುದು, ರೋಗಿ "ಕೈಗೆ ಕರೆಂಟ್ ಹೊಡೀತು" ಅಂದರೆ ಅಲ್ಲೇ ಔಷಧಿ. ಆಮೇಲೆ ನರ್ವ್ ಸ್ಟಿಮ್ಯುಲೇಟರ್ ಬಂತು. 0.5 ಮಿಲಿ ಆಂಪಿಯರ್‌ಗೆ ಬೆರಳು ಕುಣಿಯಬೇಕು, ತೀರ ಕಡಿಮೆಗೂ ಕುಣಿದರೆ ಸೂಜಿ ನರದೊಳಗೆ ಇರಬಹುದು, ಹಿಂದೆ ಬಾ. ಕೈಗೆ ಅಂಗರಚನೆ ಗೊತ್ತಿತ್ತು. ಈಗಿನ ಹುಡುಗರಿಗೆ ಸ್ಕ್ರೀನ್ ಆರಿಸಿ "ಸ್ಟರ್ನೊಮಾಸ್ಟಾಯ್ಡ್‌ನ ಹೊರ ಅಂಚು ಎಲ್ಲಿ ತೋರಿಸು" ಅಂದರೆ ಕತ್ತಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ.

ಮತ್ತೆ ಯಂತ್ರ ಕೆಟ್ಟ ದಿನ ಏನು ಮಾಡುತ್ತೀರಿ?

ಕರಾವಳಿ_ಬ್ಲಾಕ್:

@ಹಳೇಸೂಜಿ ಸರ್, ಅಂಗರಚನೆ ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ. ಉಳಿದದ್ದರಲ್ಲಿ ಜಗಳ ಇದೆ.

ಯಂತ್ರ ಇದ್ದರೂ ಇಲ್ಲದಿದ್ದರೂ ಒಂದೇ ಅನ್ನುವ ಕಾಲ ಮುಗಿದಿದೆ. 2013ರಲ್ಲಿ ಬ್ಯಾರಿಂಗ್ಟನ್ ಮತ್ತು ಕ್ಲೂಗರ್ 25 ಸಾವಿರಕ್ಕೂ ಹೆಚ್ಚು ಬ್ಲಾಕ್‌ಗಳನ್ನು ನೋಡಿ ಬರೆದರು. ಮರಗಟ್ಟಿಸುವ ಔಷಧಿ ರಕ್ತಕ್ಕೆ ಸೇರಿ ವಿಷವಾಗುವ ಅಪಾಯ ಅಲ್ಟ್ರಾಸೌಂಡ್ ಇದ್ದಾಗ ಕಡಿಮೆ. ಇಂಟರ್‌ಸ್ಕೇಲೀನ್ ಬ್ಲಾಕ್ ನೋಡಿ, ಭುಜಕ್ಕೆ ಕತ್ತಿನಲ್ಲಿ ಕೊಡುವಂಥದ್ದು. ಹಳೇ ರೀತಿ 20 ಮಿಲಿ ಸುರಿದರೆ ಆ ಕಡೆಯ ಡಯಾಫ್ರಮ್ (ಉಸಿರಾಟದ ಸ್ನಾಯು) ಹೆಚ್ಚು ಕಡಿಮೆ ಎಲ್ಲರಲ್ಲೂ ಮಲಗುತ್ತಿತ್ತು. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು 5 ಮಿಲಿ ಕೊಟ್ಟ 2008ರ ಅಧ್ಯಯನದಲ್ಲಿ ಅದು 45 ಪರ್ಸೆಂಟಿಗೆ ಇಳಿಯಿತು. ಉಬ್ಬಸದ ರೋಗಿಗೆ ಇದು ಸಣ್ಣ ವಿಷಯ ಅಲ್ಲ. ನರಕ್ಕೆ ಪೆಟ್ಟಾಗುವುದು ಮಾತ್ರ ಅಲ್ಟ್ರಾಸೌಂಡಿನಿಂದ ಕಡಿಮೆಯಾಗಿದೆ ಅಂತ ಎದೆ ತಟ್ಟಿ ಹೇಳೋಕಾಗಲ್ಲ. ಅದನ್ನೂ ಒಪ್ಪೋಣ.

ಈಗ ಮೂರನೇ ವರ್ಷದವರ ವಿಷಯ. ನೀವು ಮಾಡಿದ ತಪ್ಪು ನಿಮ್ಮದು ಮಾತ್ರ ಅಲ್ಲ. ಹೊಸಬರು ಬ್ಲಾಕ್ ಕಲಿಯುವುದನ್ನು ವಿಡಿಯೊ ಮಾಡಿ ತಪ್ಪು ಎಣಿಸಿದ ಅಧ್ಯಯನ 2007ರಲ್ಲೇ ಬಂದಿದೆ, ಸೈಟ್ಸ್ ಮತ್ತು ಅವರ ತಂಡದ್ದು. ಅತಿ ಹೆಚ್ಚು ಕಂಡ ತಪ್ಪು ಎರಡು. ಸೂಜಿ ಕಾಣದೆ ಇದ್ದಾಗಲೂ ಮುಂದೆ ತಳ್ಳುವುದು. ಗೊತ್ತಿಲ್ಲದೆ ಪ್ರೋಬ್ ಅಲುಗಿಸುವುದು. ನಿಮ್ಮ ಕಥೆಯಲ್ಲಿ ಎರಡೂ ಒಟ್ಟಿಗೆ ಬಂದಿವೆ.

ನಾನು ಮೊದಲ ತಿಂಗಳು ಹೇಳಿಕೊಡುವುದು ಒಂದೇ. ತುದಿ ಕಾಣದಿದ್ದರೆ ಸೂಜಿ ಹಿಡಿದ ಕೈ ಕಲ್ಲಾಗಬೇಕು. ಪ್ರೋಬ್ ಹಿಡಿದ ಕೈ ಹುಡುಕಬೇಕು. ನಮ್ಮ ಮಕ್ಕಳು ಮಾಡುವುದು ಉಲ್ಟಾ. ಪ್ರೋಬ್ ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳುತ್ತಾರೆ, ಸೂಜಿಯನ್ನು ಹಿಂದೆ ಮುಂದೆ ಕುಲುಕುತ್ತಾರೆ. ಅದೂ ಸ್ಕ್ರೀನ್ ನೋಡುತ್ತಾ. ಒಂದು ಸಲ ಸ್ಕ್ರೀನ್ ಬಿಟ್ಟು ನಿಮ್ಮ ಕೈ ನೋಡಿ ಮಾರಾಯ್ರೇ! ಸೂಜಿ ಪ್ರೋಬಿನ ಗೆರೆಯಲ್ಲಿ ಇದೆಯಾ ಇಲ್ವಾ ಅಂತ ಬರಿಗಣ್ಣಿಗೇ ಕಾಣುತ್ತದೆ.

ಪ್ರೋಬಿನ ಕಿರಣ ಒಂದು ಮಿಲಿಮೀಟರ್ ಆಸುಪಾಸು ದಪ್ಪ. ಅದರೊಳಗೆ ಸೂಜಿ ಇಡುವುದು ಅಂದರೆ ಬಾಗಿಲಿನ ಸಂದಿಯಲ್ಲಿ ಪೋಸ್ಟ್ ಕಾರ್ಡ್ ತೂರಿಸಿದ ಹಾಗೆ. ಸ್ವಲ್ಪ ಓರೆಯಾದರೂ ಅರ್ಧ ಮಾತ್ರ ಕಾಣುತ್ತದೆ. ಆ ಅರ್ಧದ ಕೊನೆ ತುದಿಯ ಹಾಗೇ ಕಾಣುತ್ತದೆ, ಮೋಸ ಇರುವುದು ಅಲ್ಲೇ. ಅನುಮಾನ ಬಂದರೆ ಅರ್ಧ ಮಿಲಿ ಸಲೈನ್ ಒತ್ತಿ. ತುದಿ ಇರುವಲ್ಲಿ ಕಪ್ಪು ಕೊಳ ಅರಳುತ್ತದೆ. ಸ್ಕ್ರೀನಿನಲ್ಲಿ ಎಲ್ಲೂ ಅರಳದಿದ್ದರೆ ನಿಮ್ಮ ತುದಿ ಬೇರೆ ಊರಿನಲ್ಲಿದೆ ಅಂತ ಅರ್ಥ.

ಮಂಪರು_ಮೂರನೇವರ್ಷ:

@ಕರಾವಳಿ_ಬ್ಲಾಕ್ "ಬೇರೆ ಊರು" 😂 ಸರ್, ಒಂದು ಪ್ರಶ್ನೆ. ನೀವೇ ಕಲಿಸುವವರಾಗಿ ಹೇಳಿ, ಸೀನಿಯರ್‌ಗಳು ಪ್ರೋಬ್ ಯಾಕೆ ಕಿತ್ತುಕೊಳ್ಳುತ್ತಾರೆ?

ಕರಾವಳಿ_ಬ್ಲಾಕ್:

ನಿಜ ಹೇಳಲಾ? ಬಾಗಿಲಲ್ಲಿ ಸರ್ಜನ್ ಕೈ ತೊಳೆದುಕೊಂಡು ನಿಂತಿರುತ್ತಾರೆ. ನಾನು ಕೊಟ್ಟರೆ 6 ನಿಮಿಷ, ನೀವು ಕೊಟ್ಟರೆ 20. ಆ 14 ನಿಮಿಷಕ್ಕೆ ಉತ್ತರ ಹೇಳಬೇಕಾದವನು ನಾನು. ಇನ್ನೊಂದು ಕಾರಣ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ವಯಸ್ಸಿನ ಎಷ್ಟೋ ಜನ ಅಲ್ಟ್ರಾಸೌಂಡ್ ಕಲಿತದ್ದು ಎಂಡಿ ಮುಗಿದು ಹತ್ತು ವರ್ಷ ಆದ ಮೇಲೆ, ಎರಡು ದಿನದ ವರ್ಕ್‌ಶಾಪಿನಲ್ಲಿ. ಅವರಿಗೇ ಇನ್ನೂ ಅಭ್ಯಾಸ ಬೇಕು. ನಿಮ್ಮ ಕೇಸು ಅವರ ಕ್ಲಾಸು.

ಹಳೇಸೂಜಿ:

ಇದು ಸತ್ಯ. ನಾನೂ ಹಾಗೇ ಕಲಿತದ್ದು. ಒಬ್ಬ ರೆಸಿಡೆಂಟ್ ಹುಡುಗಿ ನನಗೆ ಗೇನ್ ಮತ್ತು ಡೆಪ್ತ್ ಗುಂಡಿ ಯಾವುದು ಅಂತ ತೋರಿಸಿದ್ದಳು. ಆ ದಿನ ಕಾಫಿ ನಾನೇ ಕೊಡಿಸಿದೆ.

ತಾಲ್ಲೂಕು_ಅನಸ್ತೇಶಿಯಾ:

ಬೀಗದ ಕೋಣೆ ವಿಷಯಕ್ಕೆ ಬರೋಣ, ಯಾಕೆಂದರೆ ಅದು ಎಲ್ಲ ಕಡೆ ಇದೆ. ಪಿಸಿಪಿಎನ್‌ಡಿಟಿ ಕಾಯ್ದೆ 1994ರದ್ದು, 2003ರಲ್ಲಿ ಬಿಗಿಯಾಯಿತು. ಹೆಣ್ಣು ಭ್ರೂಣ ಹತ್ಯೆ ತಡೆಯೋಕೆ ಬಂದದ್ದು, ಬೇಕಾದದ್ದೇ. 2023ರ ಕೊನೆಗೆ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ಮರೆತಿಲ್ಲ ಅಲ್ವಾ? ಬೆಲ್ಲ ಕಾಯಿಸುವ ಜಾಗದಲ್ಲಿ! ಅಂಥದ್ದು ನಡೆಯುವವರೆಗೆ ಕಾಯ್ದೆ ಸಡಿಲ ಮಾಡಿ ಅಂತ ಕೇಳುವ ಮುಖ ನಮಗಿಲ್ಲ.

ಆದರೆ ಕಾಯ್ದೆ ಹೇಳದೇ ಇದ್ದದ್ದನ್ನೂ ಕಾಯ್ದೆಯ ಹೆಸರಲ್ಲಿ ಹೇಳುತ್ತಾರೆ. ಯಂತ್ರ ನೋಂದಣಿ ಆಗಿರಬೇಕು. ಆಪರೇಷನ್ ಥಿಯೇಟರಿನ ಯಂತ್ರವೂ ಸೇರಿ, ನರ ಮಾತ್ರ ನೋಡ್ತೀವಿ ಅಂದರೂ ಬಿಡುವುದಿಲ್ಲ. ನೋಂದಣಿ ಪತ್ರ 5 ವರ್ಷಕ್ಕೆ, ಎದ್ದು ಕಾಣುವ ಹಾಗೆ ಹಾಕಿರಬೇಕು. ಯಂತ್ರ, ಜಾಗ ಅಥವಾ ಬಳಸುವ ಸಿಬ್ಬಂದಿ ಬದಲಾಗುವುದಿದ್ದರೆ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು. ಹೇಳದೆ ಕೇಳದೆ ಯಂತ್ರ ಪಕ್ಕದ ಆಸ್ಪತ್ರೆಗೆ ಒಯ್ಯುವ ಹಾಗಿಲ್ಲ. ಇಷ್ಟೂ ಸರಿ. ಆದರೆ ಥಿಯೇಟರಿಗೆ ನೋಂದಣಿಯಾದ ಯಂತ್ರವನ್ನು ರಾತ್ರಿ 9ಕ್ಕೆ ಅದೇ ಥಿಯೇಟರಿನಲ್ಲಿ ಮುಂಗೈ ಮುರಿದ ಗಂಡಸಿಗೆ ಬಳಸಬಾರದು ಅಂತ ಯಾವ ನಿಯಮವೂ ಇಲ್ಲ. ಅದು ಬೀಗದ ಕೈ ಇಟ್ಟುಕೊಂಡವರ ಭಯ, ಅಷ್ಟೆ. ಭಯಕ್ಕೆ ಕಾರಣವೂ ಇದೆ ಅನ್ನಿ. ತಪಾಸಣೆಗೆ ಬಂದಾಗ ಒಂದು ಕಾಲಂ ಖಾಲಿ ಸಿಕ್ಕಿದರೂ ಯಂತ್ರಕ್ಕೆ ಸೀಲ್ ಬೀಳಬಹುದು.

ನಾವು ಮಾಡಿದ್ದು ಸರಳ. ಒಂದು ರಿಜಿಸ್ಟರ್. ಯಾರು ತೆಗೆದರು, ಯಾವ ರೋಗಿಗೆ, ಏನಕ್ಕೆ, ಎಷ್ಟೊತ್ತಿಗೆ ವಾಪಸ್. ಬೀಗದ ಕೈ ರಾತ್ರಿ ಡ್ಯೂಟಿಯ ಸೀನಿಯರ್ ಹತ್ತಿರ, ಸಹಿ ಹಾಕಿಸಿಕೊಂಡು. ಇದಕ್ಕೆ ಒಪ್ಪಿಸೋಕೆ ನನಗೆ ಎಂಟು ತಿಂಗಳು ಬೇಕಾಯಿತು.

ಬಯಲುಸೀಮೆ_ಜೆಆರ್1:

ಸೀಸೇರಿಯನ್ ಆದ ಮೇಲೆ ಹೊಟ್ಟೆಗೆ ಟ್ಯಾಪ್ ಬ್ಲಾಕ್ ಕೊಟ್ಟರೆ ಈ ಕಾಯ್ದೆಯ ಫಾರ್ಮ್ ಎಫ್ ಬರೆಯಬೇಕಾ? ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ತಾಲ್ಲೂಕು_ಅನಸ್ತೇಶಿಯಾ:

ಫಾರ್ಮ್ ಎಫ್ ಗರ್ಭಿಣಿಗೆ. ಮಗು ಹೊರಗೆ ಬಂದು ಅಳುತ್ತಿದೆ, ಗಂಡೋ ಹೆಣ್ಣೋ ಥಿಯೇಟರಿಗೆಲ್ಲ ಗೊತ್ತಾಗಿದೆ, ಇನ್ನೇನು ಪತ್ತೆ ಮಾಡೋದು? ಆದರೆ ಸೀಸೇರಿಯನ್‌ಗೆ ಮೊದಲು ದಪ್ಪ ಇರುವವರ ಬೆನ್ನು ಸ್ಕ್ಯಾನ್ ಮಾಡಿ ಸ್ಪೈನಲ್‌ಗೆ ಜಾಗ ಗುರುತು ಮಾಡುತ್ತೀರಿ ಅಂದರೆ, ಆಗ ಅವರು ಗರ್ಭಿಣಿ. ನಾನಾದರೆ ಫಾರ್ಮ್ ಬರೆದೇ ಪ್ರೋಬ್ ಇಡುತ್ತೇನೆ. ಬೆನ್ನು ನೋಡಿದ್ದು ಅಂತ ಆಮೇಲೆ ವಾದ ಮಾಡುವುದಕ್ಕಿಂತ ಎರಡು ನಿಮಿಷ ಬರೆಯುವುದು ವಾಸಿ. ನಿಮ್ಮ ಜಿಲ್ಲೆಯ ಪ್ರಾಧಿಕಾರದವರನ್ನು ಒಮ್ಮೆ ಕೇಳಿಕೊಳ್ಳಿ.

ಲೀಡ್ಸ್‌_ಕನ್ನಡಿಗ:

ದಾವಣಗೆರೆ ಕಡೆಯವನು, ಈಗ ಇಂಗ್ಲೆಂಡಿನಲ್ಲಿ ಟ್ರೇನಿ. ಇಲ್ಲಿ ಎಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಇಲ್ಲಿಯೂ ಹೆಚ್ಚಿನ ಟ್ರೇನಿಗಳಿಗೆ ಬ್ಲಾಕ್ ಸಿಗುವುದಿಲ್ಲ, ಅದೇ ಗೋಳು. ಅದಕ್ಕೇ ಇಲ್ಲಿನವರು ಒಂದು ಜಾಣತನ ಮಾಡಿದರು. ಹೊಸ ಹೊಸ ಬ್ಲಾಕ್‌ಗಳ ಹೆಸರು ದಿನಕ್ಕೊಂದು ಹುಟ್ಟುತ್ತಿದೆ, ಎಲ್ಲರೂ ಎಲ್ಲವನ್ನೂ ಕಲಿಯೋದು ಬೇಡ ಅಂತ "ಪ್ಲಾನ್ ಎ" ಅಂತ ಏಳನ್ನು ಆರಿಸಿದರು. ಭುಜಕ್ಕೆ ಇಂಟರ್‌ಸ್ಕೇಲೀನ್, ಕೈಗೆ ಆಕ್ಸಿಲರಿ, ತೊಡೆಗೆ ಫೀಮೋರಲ್, ಮಂಡಿಗೆ ಅಡಕ್ಟರ್ ಕೆನಾಲ್, ಪಾದಕ್ಕೆ ಪಾಪ್ಲಿಟಿಯಲ್, ಎದೆಗೆ ಇರೆಕ್ಟರ್ ಸ್ಪೈನೀ, ಹೊಟ್ಟೆಗೆ ರೆಕ್ಟಸ್ ಶೀತ್. ಈ ಏಳು ಬಂದರೆ ದಿನನಿತ್ಯದ ಹೆಚ್ಚಿನ ಕೆಲಸ ಮುಗಿಯಿತು.

ಗಮನಿಸಿ, ಸುಪ್ರಾಕ್ಲೇವಿಕ್ಯುಲರ್ ಈ ಪಟ್ಟಿಯಲ್ಲಿ ಇಲ್ಲ. ಮುಂಗೈ ಮೂಳೆಗೆ ಆಕ್ಸಿಲರಿ ಸಾಕು, ಅಲ್ಲಿ ಹತ್ತಿರದಲ್ಲಿ ಪ್ಲೂರಾನೇ ಇಲ್ಲ. @ಮಂಪರು_ಮೂರನೇವರ್ಷ, ನಿಮ್ಮ ಮೊದಲ ಕೆಲವು ಬ್ಲಾಕ್ ಅಲ್ಲಿ ಆಗಬೇಕಿತ್ತು. ಶ್ವಾಸಕೋಶದ ಅಂಚಿನಲ್ಲಿ ಅಲ್ಲ. ಯಾವ ಬ್ಲಾಕನ್ನು ಯಾವಾಗ ಕೈಗೆ ಕೊಡಬೇಕು ಅಂತ ಯೋಚಿಸದೆ "ಇವತ್ತು ಮೂಡ್ ಚೆನ್ನಾಗಿದೆ, ನೀನೇ ಕೊಡು" ಅನ್ನುವುದು ಕಲಿಸುವುದಲ್ಲ.

ಇನ್ನೊಂದು, ಪುಕ್ಕಟೆ ಸಿಗುವಂಥದ್ದು. ಸೂಜಿ ಚುಚ್ಚುವ ಕ್ಷಣಕ್ಕೆ ಮೊದಲು ನಿಂತು ಎಡವೋ ಬಲವೋ ಅಂತ ಜೋರಾಗಿ ಕೇಳುವುದು. ಇಲ್ಲಿ 2011ರಿಂದ ಅಭಿಯಾನವೇ ಇದೆ. ಆದರೂ ತಪ್ಪು ಕಾಲಿಗೆ ಬ್ಲಾಕ್ ಬೀಳುವುದು ಪೂರ್ತಿ ನಿಂತಿಲ್ಲ.

ಹಳೇಸೂಜಿ:

ಆಕ್ಸಿಲರಿ ಮಾತಿಗೆ ಒಪ್ಪಿಗೆ. ಆದರೆ ಮುರಿದ ಕೈಯನ್ನು ಮೇಲೆತ್ತಿ ಅಂದರೆ ರೋಗಿ ನಮ್ಮನ್ನೇ ಹೊಡೆಯುತ್ತಾನೆ, ಅದೂ ನೆನಪಿರಲಿ. ಸ್ವಲ್ಪ ಫೆಂಟನಿಲ್ ಕೊಟ್ಟು ಎತ್ತಿಸಿ.

ಡಿಆರ್‌ಪಿ_ಯಲ್ಲಿ_ಕಳೆದುಹೋದವಳು:

ನೀವೆಲ್ಲ ಬರೀ ಬ್ಲಾಕ್ ಬ್ಲಾಕ್ ಅಂತೀರಲ್ಲ. ಅಲ್ಟ್ರಾಸೌಂಡ್ ಅಂದರೆ ಅಷ್ಟೇನಾ?

ಡಿಸ್ಟ್ರಿಕ್ಟ್ ರೆಸಿಡೆನ್ಸಿಯ 3 ತಿಂಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲಿದ್ದೆ. ತೊಡೆ ಮೂಳೆ ಮುರಿದ ಅಜ್ಜ, 20 ವರ್ಷದ ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿಯಾ ಅಂದರೆ "ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ತಾಯಿ" ಅಂದರು. ಸ್ಪೈನಲ್ ಕೊಡೋಕಾಗಲ್ಲ, ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಿರಲಿಲ್ಲ. ಪೂರ್ತಿ ಅರಿವಳಿಕೆ ಅಂತ ತೀರ್ಮಾನ ಆಗಿತ್ತು. ಕಾಲೇಜಿನಲ್ಲಿ ಒಮ್ಮೆ ಜಠರ ನೋಡುವುದು ಹೇಗೆ ಅಂತ ಕಲಿತಿದ್ದೆ, ಸುಮ್ನೆ ನೋಡೋಣ ಅಂತ ಕರ್ವಿಲೀನಿಯರ್ ಪ್ರೋಬ್ ಇಟ್ಟೆ. ಎದೆಗೂಡಿನ ಕೆಳಗೆ, ಉದ್ದಕ್ಕೆ. ಲಿವರಿನ ಎಡ ಭಾಗ, ಹಿಂದೆ ಅಯೋರ್ಟಾ, ನಡುವೆ ಆಂಟ್ರಮ್, ಜಠರದ ಕೊನೆಯ ಭಾಗ. ಖಾಲಿ ಇದ್ದರೆ ಚಪ್ಪಟೆ, ಗುರಿ ಹಲಗೆಯ ವೃತ್ತಗಳ ಹಾಗೆ ಕಾಣಬೇಕು. ಇವರದ್ದು ಉಬ್ಬಿ ನಿಂತಿತ್ತು. ಒಳಗೆ ಗಟ್ಟಿ ಪದಾರ್ಥ, ಮಂಜು ಕವಿದ ಹಾಗೆ.

ಅಜ್ಜ ಸುಳ್ಳು ಹೇಳಿರಲಿಲ್ಲ. ನಿನ್ನೆ ಮಧ್ಯಾಹ್ನದ ಮುದ್ದೆ ಇನ್ನೂ ಅಲ್ಲೇ ಕೂತಿತ್ತು. ಸಕ್ಕರೆ ಕಾಯಿಲೆಯವರ ಹೊಟ್ಟೆ ನಿಧಾನ, ಮೇಲೆ ಮೂಳೆ ಮುರಿದ ನೋವು ಬೇರೆ. ಕೇಸ್ ತುರ್ತಿರಲಿಲ್ಲ, ಮುಂದಕ್ಕೆ ಹಾಕಿದೆವು. ಮಾತ್ರೆ ನಿಲ್ಲಿಸಿ ದಿನ ಎಣಿಸಿ ಆಮೇಲೆ ಸ್ಪೈನಲ್‌ನಲ್ಲೇ ಮಾಡಿದೆವು. ಮಾಮೂಲಿನಂತೆ ಪ್ರೊಪೊಫಾಲ್ ಕೊಟ್ಟು ಮಲಗಿಸಿದ್ದರೆ ಆ ಮುದ್ದೆ ಎಲ್ಲಿಗೆ ಹೋಗುತ್ತಿತ್ತು ಅಂತ ನಿಮಗೇ ಗೊತ್ತು.

ಇದಕ್ಕೆ ಸೂಜಿ ಬೇಡ, ರೋಗಿಗೆ ಅಪಾಯ ಇಲ್ಲ, ಮೂರು ನಿಮಿಷದ ಕೆಲಸ. ಆದರೂ ಇದನ್ನು ಮೂರು ವರ್ಷದಲ್ಲಿ ನನಗೆ ಕೈ ಹಿಡಿದು ಕಲಿಸಿದ್ದು ಒಂದೇ ಒಂದು ದಿನ.

ಲೀಡ್ಸ್‌_ಕನ್ನಡಿಗ:

👏 ನೀರಿನಂಥ ದ್ರವ ಮಾತ್ರ ಇದ್ದರೆ ಬಲ ಮಗ್ಗುಲಿಗೆ ಮಲಗಿಸಿ ಅಳೆಯಬೇಕು, ಕೆಜಿಗೆ 1.5 ಮಿಲಿಗಿಂತ ಜಾಸ್ತಿ ಇದ್ದರೆ ಅಪಾಯ. ಗಟ್ಟಿ ಪದಾರ್ಥ ಕಂಡರೆ ಅಳೆಯುವ ಗೋಜೇ ಬೇಡ, ಹೊಟ್ಟೆ ತುಂಬಿದೆ ಅಂತಲೇ ಲೆಕ್ಕ.

ಐಸಿಯು_ಗೂಬೆ:

ಸೆಂಟ್ರಲ್ ಲೈನ್ (ದೊಡ್ಡ ಸಿರೆಗೆ ಹಾಕುವ ನಳಿಕೆ) ಬಗ್ಗೆ ಯಾರೂ ಮಾತೇ ಆಡಿಲ್ಲ. ಕತ್ತಿನ ಜುಗುಲರ್ ಸಿರೆಗೆ ಅಲ್ಟ್ರಾಸೌಂಡ್ ನೋಡಿಕೊಂಡೇ ಹಾಕಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ ಹೇಳಿದ್ದು 2002ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಈಗ ಇಂಟರ್ನ್ ಆಗಿ ನಮ್ಮ ವಾರ್ಡಿನಲ್ಲಿ ಓಡಾಡುತ್ತಿದ್ದಾರೆ. ನಮ್ಮಲ್ಲಿ ಮಾತ್ರ ಇನ್ನೂ "ಮೊದಲು ಕೈಯಲ್ಲೇ ಹುಡುಕು, ಮೂರು ಸಲ ಆಗದಿದ್ದರೆ ಯಂತ್ರ ತಾ" ಅಂತಾರೆ. ಮೂರು ಸಲ ಚುಚ್ಚಿಸಿಕೊಳ್ಳುವವರು ಯಾರು?

ಹೊಸಬರಿಗೆ ಪ್ರೋಬ್ ಕೊಡಬೇಕಾದದ್ದು ಇಲ್ಲೇ. ದಿನಾ ಸಿಗುವ ಕೆಲಸ. ಸಿರೆ ಒತ್ತಿದರೆ ಚಪ್ಪಟೆಯಾಗುತ್ತದೆ, ಅಪಧಮನಿ ಆಗುವುದಿಲ್ಲ. ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಪ್ರೋಬ್‌_ರಿಪೇರಿ:

ನಾನು ಡಾಕ್ಟರ್ ಅಲ್ಲ, ಬಯೋಮೆಡಿಕಲ್ ಎಂಜಿನಿಯರ್. ನಿಮ್ಮ ಯಂತ್ರಕ್ಕೆ ಯಾಕೆ ಬೀಗ ಬೀಳುತ್ತದೆ ಅನ್ನುವುದಕ್ಕೆ ನನ್ನ ಕಡೆಯ ಕಾರಣವೂ ಕೇಳಿ. ಒಂದು ಲೀನಿಯರ್ ಪ್ರೋಬ್ ಲಕ್ಷಗಟ್ಟಲೆ. ಕೆಳಗೆ ಬಿದ್ದರೆ ಒಳಗಿನ ಕ್ರಿಸ್ಟಲ್ ಹೋಗುತ್ತದೆ, ಸ್ಕ್ರೀನಿನಲ್ಲಿ ಮೇಲಿಂದ ಕೆಳಗೆ ಕಪ್ಪು ಪಟ್ಟೆ ಬರುತ್ತದೆ. ಟ್ರಾಲಿಯ ಚಕ್ರ ಕೇಬಲ್ ಮೇಲೆ ಹತ್ತಿಸುತ್ತೀರಿ. ಕಂಪನಿ ಒಪ್ಪಿದ ದ್ರಾವಣ ಬಿಟ್ಟು ಕೈಗೆ ಸಿಕ್ಕ ಸ್ಪಿರಿಟ್ ಹಾಕಿ ತಿಕ್ಕುತ್ತೀರಿ, ಮುಂದಿನ ರಬ್ಬರ್ ಬಿರುಕು ಬಿಡುತ್ತದೆ. ಜೆಲ್ ಒರೆಸದೆ ಹಾಗೇ ಇಟ್ಟು ಹೋಗುತ್ತೀರಿ. ಬೆಳಗ್ಗೆ ಅದು ಹಪ್ಪಳ ಆಗಿರುತ್ತದೆ. ಯಾರು ಮಾಡಿದ್ದು ಅಂದರೆ ಎಲ್ಲರೂ ಸೂರು ನೋಡುತ್ತಾರೆ. ಮರುದಿನ ಬೀಗ.

ಕಲಿಕೆಯ ಮೊದಲ ದಿನ ಪ್ರೋಬ್ ಒರೆಸುವುದು, ಕೇಬಲ್ ಸುತ್ತುವುದು ಕಲಿಸಿ. ಅರ್ಧ ಬೀಗ ತಾನೇ ತೆಗೆಯುತ್ತದೆ.

ಕರಾವಳಿ_ಬ್ಲಾಕ್:

@ಪ್ರೋಬ್‌_ರಿಪೇರಿ ಸೂರು ನೋಡಿದವರಲ್ಲಿ ನಾನೂ ಒಬ್ಬ. ಕ್ಷಮೆ ಇರಲಿ.

ಬಯಲುಸೀಮೆ_ಜೆಆರ್1:

ಎಲ್ಲ ಓದಿದೆ. ನಾನು ಸೇರಿ ನಾಲ್ಕು ತಿಂಗಳು. ನನಗೆ ಇನ್ನೂ ಯಾರೂ ಸೂಜಿ ಕೊಡುವುದಿಲ್ಲ, ಕೊಡಲೂಬಾರದು, ಮೇಲಿನ ಕಥೆ ಓದಿ ಕೈ ನಡುಗುತ್ತಿದೆ. ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಮಂಪರು_ಮೂರನೇವರ್ಷ:

ನಾನು ಮಾಡದೆ ಬಿಟ್ಟದ್ದನ್ನು ನೀನು ಮಾಡು. ದಿನಾ ಕೊನೆಯ ಕೇಸ್ ಮುಗಿದ ಮೇಲೆ, ಯಂತ್ರ ಒಳಗೆ ಹೋಗುವ ಮೊದಲು ಹತ್ತು ನಿಮಿಷ ನಿನ್ನದೇ ಕತ್ತು ನೋಡಿಕೋ. ಪಕ್ಕದವನ ಕತ್ತು, ತೋಳು, ತೊಡೆ ನೋಡು. ಗಂಟಲ ನಡುವೆ ಉದ್ದಕ್ಕೆ ಪ್ರೋಬ್ ಇಟ್ಟರೆ ಶ್ವಾಸನಾಳದ ಉಂಗುರಗಳು ಮುತ್ತಿನ ಸರದ ಹಾಗೆ ಸಾಲಾಗಿ ಕಾಣುತ್ತವೆ. ಅದರ ಮೇಲೆ ದೊಡ್ಡದು ಕ್ರಿಕಾಯ್ಡ್. ಗಂಟಲು ತೂತು ಮಾಡಬೇಕಾದ ದಿನ ಆ ಜಾಗ ಬೆರಳಿಗೆ ಗೊತ್ತಿರಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಆಯಿತು.

ಕರಾವಳಿ_ಬ್ಲಾಕ್:

ಸೂಜಿಯ ಕೆಲಸಕ್ಕೆ ಫ್ಯಾಂಟಮ್, ಅಂದರೆ ಅಭ್ಯಾಸಕ್ಕೆ ನಕಲಿ ಮಾಂಸ, ಮಾಡಿಕೊಳ್ಳಿ. ಕೊಂಡುಕೊಂಡರೆ ದುಬಾರಿ. ಮನೆಯಲ್ಲಿ ಮಾಡಿದರೆ ನೂರಿನ್ನೂರು ರೂಪಾಯಿ. ಅಂಗಡಿಯಲ್ಲಿ ಚೈನಾ ಗ್ರಾಸ್ ಸಿಗುತ್ತದಲ್ಲ, ಅಗರ್ ಅಗರ್. ಲೀಟರ್ ನೀರಿಗೆ 30 ಗ್ರಾಂ ಹಾಕಿ ಚೆನ್ನಾಗಿ ಕುದಿಸಿ. ಸ್ವಲ್ಪ ಆರಿದ ಮೇಲೆ ಎರಡು ಚಮಚ ಇಸಬ್‌ಗೋಲ್ ಉದುರಿಸುತ್ತಾ ನಿಧಾನಕ್ಕೆ ಕಲಸಿ. ಇಸಬ್‌ಗೋಲ್ ಯಾಕೆ ಅಂದರೆ, ಬರೀ ಅಗರ್ ಸ್ಕ್ರೀನಿನಲ್ಲಿ ಕಪ್ಪಗೆ ಕಾಣುತ್ತದೆ, ಅದರಲ್ಲಿ ಸೂಜಿ ಸುಲಭವಾಗಿ ಹೊಳೆದು ನಿಮಗೆ ಸುಳ್ಳು ಧೈರ್ಯ ಬರುತ್ತದೆ. ಇಸಬ್‌ಗೋಲ್ ಸೇರಿದರೆ ಮಾಂಸದ ಹಾಗೆ ಬೂದು ಬಣ್ಣ. ಸೂಜಿ ಕಳೆದುಹೋಗುತ್ತದೆ, ನಮಗೆ ಬೇಕಾದದ್ದು ಅದೇ.

ಡಬ್ಬಿಗೆ ಅರ್ಧ ಹೊಯ್ಯಿರಿ. ಗಟ್ಟಿಯಾದ ಮೇಲೆ ಗ್ಲೌಸಿನ ಬೆರಳಿಗೆ ನೀರು ತುಂಬಿ ಗಂಟು ಹಾಕಿ ಮಲಗಿಸಿ, ಅದು ರಕ್ತನಾಳ. ಒಳಗೆ ಗಾಳಿ ಇರಬಾರದು. ನೆನೆಸಿದ ಹತ್ತಿ ದಾರ ಎರಡು ಎಳೆ ಇಟ್ಟರೆ ನರ. ಮೇಲೆ ಉಳಿದದ್ದು ಹೊಯ್ದು, ನೊರೆ ತೆಗೆದು ಫ್ರಿಜ್‌ಗೆ. ಪ್ರೋಬಿಗೆ ಗ್ಲೌಸ್ ಹಾಕಿಯೇ ಅಭ್ಯಾಸ ಮಾಡಿ, ಇಲ್ಲದಿದ್ದರೆ @ಪ್ರೋಬ್‌_ರಿಪೇರಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಬಳಸಿದ ಸೂಜಿ ಅಲ್ಲೇ ಕಸಕ್ಕೆ.

ಲೆಕ್ಕ ಇಡಬೇಕಾದದ್ದು ಎಷ್ಟು ಸಲ ನರ ಮುಟ್ಟಿದೆ ಅಂತಲ್ಲ. ಎಷ್ಟು ಸಲ ತುದಿ ಕಾಣದೆ ಮುಂದೆ ತಳ್ಳಿದೆ ಅಂತ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಎಣಿಸಿ. ಮೊದಲ ದಿನ ನಿಮಗೇ ನಾಚಿಕೆ ಆಗುತ್ತದೆ.

ಹಳೇಸೂಜಿ:

ಈ ಚೈನಾ ಗ್ರಾಸ್ ನಾನೂ ಮಾಡಿ ನೋಡುತ್ತೇನೆ. ನಗಬೇಡಿ.

ಬಯಲುಸೀಮೆ_ಜೆಆರ್1:

ಒಂದು ವಾರದ ವರದಿ. ಡಬ್ಬಿ ಮಾಡಿದೆ. ಮೊದಲ ದಿನ 20 ಪ್ರಯತ್ನದಲ್ಲಿ 17 ಸಲ ತುದಿ ಕಾಣದೆ ತಳ್ಳಿದೆ, ರೂಮ್‌ಮೇಟ್ ಎಣಿಸಿದ್ದು. ಐದನೇ ದಿನ 20ಕ್ಕೆ 6. ಪ್ರೋಬ್ ತಿರುಗುವುದು ಯಾವಾಗ ಅಂತ ಈಗ ಗೊತ್ತಾಗುತ್ತಿದೆ. ಸಿರಿಂಜ್ ಕಡೆ ನೋಡಿದ ಕ್ಷಣ ಎಡಗೈ ಜಾರುತ್ತದೆ. ಕಿರುಬೆರಳನ್ನು ಡಬ್ಬಿಯ ಅಂಚಿಗೆ ಊರಿಕೊಂಡರೆ ಜಾರುವುದಿಲ್ಲ.

ಆರನೇ ದಿನದ ಲೆಕ್ಕ ಇಲ್ಲ. ಹಾಸ್ಟೆಲ್ ಫ್ರಿಜ್‌ನಲ್ಲಿ ಇಟ್ಟಿದ್ದೆ, ರಾತ್ರಿ ಯಾರೋ ಪುಡಿಂಗ್ ಅಂದುಕೊಂಡು ಅರ್ಧ ತಿಂದಿದ್ದಾರೆ. ನರ ಎರಡೂ ನಾಪತ್ತೆ. ರಕ್ತನಾಳ ಮಾತ್ರ ಬಿಟ್ಟಿದ್ದಾರೆ.

ಹಳೇಸೂಜಿ:

ಇಸಬ್‌ಗೋಲ್ ಎರಡು ಚಮಚ ಹಾಕಿದ್ದೆಯಾ? ಬೆಳಗ್ಗೆ ಬಾತ್‌ರೂಮ್ ಮುಂದೆ ಕಾದು ನಿಂತಿದ್ದರೆ ಕಳ್ಳ ಸಿಗುತ್ತಿದ್ದ.

ಡಿಆರ್‌ಪಿ_ಯಲ್ಲಿ_ಕಳೆದುಹೋದವಳು:

ಅಷ್ಟೊತ್ತು ಯಾಕೆ ಕಾಯ್ತೀರಿ ಸರ್. ಎಲ್ಲರನ್ನೂ ಸಾಲಾಗಿ ಬಲ ಮಗ್ಗುಲಿಗೆ ಮಲಗಿಸಿ ಆಂಟ್ರಮ್ ನೋಡಿದರೆ ಆಯ್ತು.